ಹಾಸನ ಸೀಮೆಯಲ್ಲಿ ದೈವನಂಬಿಕೆ, ಮತದಾನ ಮತ್ತು ಸರ್ಕಾರದ ನೀತಿ

ಮತ ಹಾಕುವವರ ಮತ್ತು ಆಳುವವರ ಸ್ವಂತ ದೈವನಂಬಿಕೆ ಚುನಾವಣೆಯಲ್ಲೂ ಸರ್ಕಾರದ ತೀರ್ಮಾನಗಳಲ್ಲೂ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ನೋಡಲು ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣ ತಾಲ್ಲೂಕುಗಳಿಗಿಂತ ಒಳ್ಳೆಯ ಜಾಗ ಕರ್ನಾಟಕದಲ್ಲಿ ಸಿಗುವುದು ಕಷ್ಟ. ಕರಾವಳಿಯಲ್ಲಿ ಆದಂತೆ ಇಲ್ಲಿ ಹಿಂದೂ-ಮುಸ್ಲಿಂ ಎಂಬ ಮಾತು ಚುನಾವಣೆಯ ಮೊದಲ ಮಾತಾಗಿ ಬೆಳೆಯಲಿಲ್ಲ. ಹಾಗೆಂದು ದೇವರನ್ನು ಹೊರಗಿಟ್ಟು ಇಲ್ಲಿ ಒಂದು ಚುನಾವಣೆಯೂ ನಡೆದಿಲ್ಲ. ದೇಶಕ್ಕೆ ಪ್ರಧಾನಿಯನ್ನು ಕೊಟ್ಟ ಹರದನಹಳ್ಳಿ, ಜೈನರ ಶ್ರವಣಬೆಳಗೊಳ, ವರ್ಷಕ್ಕೊಮ್ಮೆ ಮಾತ್ರ ಬಾಗಿಲು ತೆರೆಯುವ ಹಾಸನಾಂಬೆ ಎಲ್ಲವೂ ಇದೇ ಸೀಮೆಯೊಳಗಿವೆ. ಆದ್ದರಿಂದ ಈ ಲೇಖನ ನಾಲ್ಕು ತಾಲ್ಲೂಕುಗಳನ್ನು ನಡುವೆ ಇಟ್ಟುಕೊಂಡು, ಬೇಕಾದಲ್ಲಿ ಜಿಲ್ಲೆಯ ಉಳಿದ ಭಾಗಕ್ಕೂ ರಾಜ್ಯಕ್ಕೂ ಹೋಗಿಬರುತ್ತದೆ.

ಮನೆದೇವರು

ಈ ಸೀಮೆಯವರನ್ನು ನಿಮ್ಮ ಧರ್ಮ ಯಾವುದು ಎಂದು ಕೇಳಿದರೆ ಉತ್ತರ ತಡವಾಗಿ ಬರುತ್ತದೆ. ಮನೆದೇವರು ಯಾವುದು ಎಂದರೆ ಥಟ್ಟನೆ ಬರುತ್ತದೆ. ಒಕ್ಕಲಿಗರಲ್ಲೇ ಒಂದು ಮನೆಯವರು ರಂಗನಾಥನ ಒಕ್ಕಲು, ಪಕ್ಕದ ಮನೆಯವರು ಈಶ್ವರನ ಅಥವಾ ಭೈರವನ ಒಕ್ಕಲು. ಹೊಳೆನರಸೀಪುರ ಕಡೆಯವರಿಗೆ ಮಾವಿನಕೆರೆ ಬೆಟ್ಟದ ರಂಗನಾಥ, ಚನ್ನರಾಯಪಟ್ಟಣದ ಹಿರೀಸಾವೆ ಕಡೆಯವರಿಗೆ ಬೂಕನಬೆಟ್ಟದ ರಂಗನಾಥ, ಅರಕಲಗೂಡಿನವರಿಗೆ ಕಾವೇರಿ ದಡದ ರಾಮನಾಥಪುರ. ಬೂಕನಬೆಟ್ಟದ ಜಾತ್ರೆ ದೇವರಿಗೆಷ್ಟೋ ದನಗಳಿಗೂ ಅಷ್ಟೇ ಹೆಸರಾದದ್ದು. ಜೋಡಿ ಎತ್ತುಗಳನ್ನು ಕಟ್ಟಿಕೊಂಡು ಕೂತ ರೈತರ ನಡುವೆ ಶಾಸಕರು, ಆಗಬಯಸುವವರು, ಸೋತವರು ಎಲ್ಲರೂ ಓಡಾಡುತ್ತಾರೆ.

ರಾಜಕಾರಣಕ್ಕೆ ಈ ನಂಬಿಕೆ ಬರುವುದು ಸಿದ್ಧಾಂತವಾಗಿ ಅಲ್ಲ, ನಡವಳಿಕೆಯಾಗಿ. ಬಿ ಫಾರಂ ಕೈಗೆ ಬಂದರೆ ಮೊದಲು ಮನೆದೇವರ ಮುಂದೆ ಇಟ್ಟು ಪೂಜೆ ಮಾಡಿಸುವುದು. ನಾಮಪತ್ರ ಸಲ್ಲಿಸುವ ಗಳಿಗೆಗೆ ರಾಹುಕಾಲ ನೋಡುವುದು. ಗೆದ್ದರೆ ಇಂಥ ಬೆಟ್ಟ ಹತ್ತುತ್ತೇನೆ ಎಂದು ಕಾರ್ಯಕರ್ತ ಹರಕೆ ಹೊರುವುದು. ಮತದಾರನ ಕಡೆಯಿಂದ ನೋಡಿದರೆ ‘ಮಾತು ಕೊಟ್ಟಾಗಿದೆ’ ಎಂಬ ಮಾತಿಗೆ ದೈವದ ತೂಕವಿದೆ. ಊರ ಗುಡಿಯ ಕಟ್ಟೆಯ ಮೇಲೆ ಕೂತು ಹಿರಿಯರು ಕೊಟ್ಟ ಮಾತನ್ನು ಮುರಿದರೆ ದೇವರು ನೋಡುತ್ತಾನೆ ಎಂಬ ಭಯ ಕೆಲವು ಮನೆಗಳಲ್ಲಿ ಇನ್ನೂ ಇದೆ. ಪಕ್ಷದ ಪ್ರಣಾಳಿಕೆ ಓದಿದವರಿಗಿಂತ ಈ ಮಾತಿಗೆ ಕಟ್ಟುಬಿದ್ದವರು ಹಳ್ಳಿಗಳಲ್ಲಿ ಹೆಚ್ಚು ಎಂದರೆ ಉತ್ಪ್ರೇಕ್ಷೆಯಲ್ಲ.

ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವುದು ಸುಲಭ, ಆದರೆ ತಪ್ಪು. ಕೊಟ್ಟ ಮಾತಿಗೆ ನಿಲ್ಲುವುದು, ಊಟ ಹಾಕಿದವರನ್ನು ಮರೆಯದಿರುವುದು, ಊರಿನ ಎಲ್ಲರಿಗೂ ಕೆರೆ ನೀರು ಸಿಗಬೇಕೆನ್ನುವುದು, ಇವೆಲ್ಲ ಇಲ್ಲಿಯವರು ದೇವರ ಹೆಸರಿನಲ್ಲೇ ಕಲಿತ ನೀತಿಗಳು. ತೊಂದರೆ ಶುರುವಾಗುವುದು ಆ ಭಯವನ್ನೇ ಹಿಡಿದು ಇನ್ನೊಬ್ಬರು ವೋಟು ಕಿತ್ತುಕೊಂಡಾಗ, ಅಥವಾ ಒಬ್ಬರ ಮನೆದೇವರು ಇನ್ನೊಬ್ಬರ ಹಕ್ಕಿಗೆ ಅಡ್ಡ ನಿಂತಾಗ.

ಬೆಳಗೊಳದ ಒಪ್ಪಂದ

ಆಳುವವನ ಧರ್ಮಕ್ಕೂ ಆಳ್ವಿಕೆಯ ನೀತಿಗೂ ನಡುವಿನ ಅಂತರ ಈ ಸೀಮೆಗೆ ಹೊಸದಲ್ಲ. ಜೈನನಾಗಿ ಹುಟ್ಟಿದ ಹೊಯ್ಸಳ ಬಿಟ್ಟಿದೇವ ರಾಮಾನುಜರ ಪ್ರಭಾವದಿಂದ ವೈಷ್ಣವನಾಗಿ ವಿಷ್ಣುವರ್ಧನ ಎನಿಸಿಕೊಂಡನೆಂದು ಪರಂಪರೆ ಹೇಳುತ್ತದೆ. ಬೇಲೂರಿನ ಚೆನ್ನಕೇಶವ ದೇವಾಲಯವನ್ನು 1117ರಲ್ಲಿ ಪ್ರತಿಷ್ಠಾಪಿಸಿದವನು ಅವನೇ. ಅವನ ಪಟ್ಟದ ರಾಣಿ ಶಾಂತಲೆ ಮಾತ್ರ ಜೈನಳಾಗಿಯೇ ಉಳಿದಳು. 1123ರ ಹೊತ್ತಿಗೆ ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ ಸವತಿಗಂಧವಾರಣ ಬಸದಿ ಕಟ್ಟಿಸಿದಳು. ಅವನ ದಂಡನಾಯಕ ಗಂಗರಾಜನೂ ಜೈನ. ಗೊಮ್ಮಟನ ಸುತ್ತಾಲಯ ಕಟ್ಟಿಸಿದವನು ಅವನು. ರಾಜನ ದೇವರು ಒಂದು, ರಾಣಿಯ ಮತ್ತು ಸೈನ್ಯ ನಡೆಸುವವನ ದೇವರು ಇನ್ನೊಂದು. ಆದರೂ ರಾಜ್ಯ ನಡೆಯಿತು.

ಇನ್ನೂ ಮುಖ್ಯವಾದದ್ದು 1368ರ ಬುಕ್ಕರಾಯನ ಶಾಸನ. ಇವತ್ತಿನ ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಇದು ಈಗಲೂ ಇದೆ. ವೈಷ್ಣವರಿಂದ ನಮಗೆ ಅನ್ಯಾಯವಾಗುತ್ತಿದೆ ಎಂದು ಹಲವು ನಾಡುಗಳ ಜೈನರು ವಿಜಯನಗರದ ಅರಸನಿಗೆ ದೂರು ಕೊಟ್ಟರು. ಬುಕ್ಕರಾಯ ಶ್ರೀರಂಗ, ತಿರುಮಲೆ, ಕಂಚಿ, ಮೇಲುಕೋಟೆಗಳ ಆಚಾರ್ಯರ ಸಮೇತ ವೈಷ್ಣವ ಮುಖಂಡರನ್ನು ಕರೆಸಿ, ಜೈನರ ಕೈಯನ್ನು ಅವರ ಕೈಯಲ್ಲಿ ಇಡಿಸಿದ. ಎರಡು ದರ್ಶನಗಳಿಗೂ ಭೇದವಿಲ್ಲ, ಜೈನರಿಗೆ ಹಿಂದಿನಿಂದ ಬಂದ ಪಂಚಮಹಾವಾದ್ಯ, ಕಲಶದ ಹಕ್ಕುಗಳು ನಡೆಯಬೇಕು ಎಂದು ಕಟ್ಟುಮಾಡಿದ. ಅಷ್ಟಕ್ಕೇ ಬಿಡಲಿಲ್ಲ. ಪ್ರತಿ ಜೈನ ಮನೆಯಿಂದ ವರ್ಷಕ್ಕೊಂದು ಹಣದಂತೆ ಎತ್ತಿ, ಆ ದುಡ್ಡಿನಲ್ಲಿ ಬೆಳಗೊಳದ ದೇವರ ಕಾವಲಿಗೆ 20 ಆಳುಗಳನ್ನು ಇಡಬೇಕು, ಮಿಕ್ಕದ್ದನ್ನು ಹಾಳುಬಿದ್ದ ಬಸದಿಗಳ ಜೀರ್ಣೋದ್ಧಾರಕ್ಕೂ ಸುಣ್ಣಬಣ್ಣಕ್ಕೂ ಬಳಸಬೇಕು ಎಂದು ಗೊತ್ತುಮಾಡಿದ. ಹಣ ಎತ್ತುವ, ಕಾವಲು ನೇಮಿಸುವ ಹೊಣೆ ಹೊತ್ತವನು ತಿರುಮಲೆಯ ತಾತಯ್ಯ ಎಂಬ ವೈಷ್ಣವ.

ಈ ಶಾಸನವನ್ನು ಸೌಹಾರ್ದದ ಕುರುಹು ಎಂದು ಭಾಷಣಗಳಲ್ಲಿ ನೆನೆಯುವುದುಂಟು. ಅದರ ನಿಜವಾದ ಬಲ ಬೇರೆ ಕಡೆ ಇದೆ. ಒಳ್ಳೆಯ ಮಾತಿನ ಜೊತೆಗೆ ಅದರಲ್ಲಿ ಲೆಕ್ಕವಿದೆ, ಕಾವಲುಗಾರರ ಸಂಖ್ಯೆಯಿದೆ, ತಪ್ಪಿದವರಿಗೆ ದ್ರೋಹಿ ಎಂಬ ಶಿಕ್ಷೆಯಿದೆ. ಯಾರ ಮೇಲೆ ದೂರಿತ್ತೋ ಅವರ ಕಡೆಯವನಿಗೇ ರಕ್ಷಣೆಯ ಜವಾಬ್ದಾರಿ ಹೊರಿಸಲಾಗಿದೆ. ಹಾಗಿದ್ದೂ ಕಾವಲಿನ ಖರ್ಚು ಬಿದ್ದದ್ದು ದೂರು ಕೊಟ್ಟ ಜೈನರ ಮೇಲೆಯೇ ಎಂಬುದನ್ನೂ ಮರೆಯಬಾರದು. ಅರಸನ ದಯೆಗೂ ಪ್ರಜೆಯ ಹಕ್ಕಿಗೂ ಇರುವ ವ್ಯತ್ಯಾಸ ಅಲ್ಲಿದೆ.

ಕಾನೂನು ಎಳೆದ ಗೆರೆ

ಕನ್ನಡದಲ್ಲಿ ಧರ್ಮಕ್ಕೂ ಅಭಿಪ್ರಾಯಕ್ಕೂ ವೋಟಿಗೂ ಒಂದೇ ಪದ: ಮತ. ಸಂವಿಧಾನ ಈ ಮೂರನ್ನು ಬೇರೆಬೇರೆ ಮಾಡುತ್ತದೆ. 25ನೇ ವಿಧಿ ಎಲ್ಲರಿಗೂ ಅಂತಃಸಾಕ್ಷಿಯ ಸ್ವಾತಂತ್ರ್ಯ ಕೊಡುತ್ತದೆ. ಮತದಾನ ಗುಪ್ತ. ಆದ್ದರಿಂದ ಮತಗಟ್ಟೆಯ ರಟ್ಟಿನ ಮರೆಯಲ್ಲಿ ನಿಂತವಳು ತನ್ನ ದೇವರನ್ನು ನೆನೆದು ಗುಂಡಿ ಒತ್ತಿದರೆ ಯಾರೂ ಕೇಳುವಂತಿಲ್ಲ. ಕಟ್ಟುಪಾಡು ಇರುವುದು ವೋಟು ಕೇಳುವವರಿಗೆ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 123(3)ನೇ ಕಲಮಿನಂತೆ ಧರ್ಮ, ಜಾತಿ, ಭಾಷೆಯ ಹೆಸರಿನಲ್ಲಿ ಮತ ಕೇಳುವುದು ಭ್ರಷ್ಟ ಆಚರಣೆ. ಅದು ಸಾಬೀತಾದರೆ ಗೆಲುವು ರದ್ದಾಗುತ್ತದೆ, ಆರು ವರ್ಷಗಳವರೆಗೆ ಅನರ್ಹತೆಯೂ ಬರಬಹುದು. 2017ರ ಜನವರಿ 2ರಂದು ಅಭಿರಾಮ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ 4:3ರ ಬಹುಮತದಿಂದ ಈ ನಿಷೇಧವನ್ನು ಬಿಗಿ ಮಾಡಿತು: ಅಭ್ಯರ್ಥಿಯ ಧರ್ಮ ಮಾತ್ರವಲ್ಲ, ಮತದಾರನ ಧರ್ಮವನ್ನು ಮುಂದಿಟ್ಟು ಮತ ಕೇಳುವುದೂ ತಪ್ಪು. ಸರ್ಕಾರದ ಮಟ್ಟಿಗೆ ದಾರಿ ತೋರಿದ್ದು ಕನ್ನಡಿಗ ಮುಖ್ಯಮಂತ್ರಿಯ ಹೆಸರಿನದೇ ತೀರ್ಪು. 1994ರ ಮಾರ್ಚ್ 11ರ ಎಸ್. ಆರ್. ಬೊಮ್ಮಾಯಿ ಪ್ರಕರಣದಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಜಾತ್ಯತೀತತೆ ಸಂವಿಧಾನದ ಮೂಲಸ್ವರೂಪದ ಭಾಗ ಎಂದಿತು.

ಹಾಸನದ ಹಳ್ಳಿಗಳಿಗೆ ಹೆಚ್ಚು ಹತ್ತಿರವಾದದ್ದು ಅದೇ ಕಾಯ್ದೆಯ 123(2)ನೇ ಕಲಮು. ಹೀಗೆ ಮತ ಹಾಕಿದರೆ ಅಥವಾ ಹಾಕದಿದ್ದರೆ ದೈವಕೋಪಕ್ಕೆ ಗುರಿಯಾಗುತ್ತೀರಿ ಎಂದು ನಂಬಿಸುವುದನ್ನು ಅದು ಅನುಚಿತ ಪ್ರಭಾವ ಎಂದು ಕರೆಯುತ್ತದೆ. ಚುನಾವಣೆಯ ಹಿಂದಿನ ರಾತ್ರಿ ನೋಟಿನ ಜೊತೆಗೆ ದೇವರ ಪಟ ಹಿಡಿದು ಬಂದು, ಅರಿಶಿನ ಕುಂಕುಮ ಮುಟ್ಟಿಸಿ ಭಾಷೆ ತೆಗೆದುಕೊಳ್ಳುವ ಪದ್ಧತಿ ರಾಜ್ಯದ ಎಷ್ಟೋ ಊರುಗಳಿಗೆ ಗೊತ್ತಿರುವುದೇ. ದುಡ್ಡು ಹಂಚುವುದು ಒಂದು ತಪ್ಪು. ಆಣೆ ಹಾಕಿಸುವುದು ಅದಕ್ಕಿಂತ ಕ್ರೂರ. ದುಡ್ಡು ತೆಗೆದುಕೊಂಡೂ ಬೇರೆಯವರಿಗೆ ವೋಟು ಹಾಕುವ ಸ್ವಾತಂತ್ರ್ಯ ಬಡವರಿಗೆ ಉಳಿದಿರುತ್ತದೆ. ಆಣೆ ಅದನ್ನೂ ಕಿತ್ತುಕೊಳ್ಳುತ್ತದೆ. ದೇವರಿಗೆ ನಿಜವಾಗಿ ಹೆದರುವವರೇ ಇದರಲ್ಲಿ ಹೆಚ್ಚು ಸಿಕ್ಕಿಬೀಳುವವರು.

ಆಣೆ ಮತ್ತು ಪ್ರಮಾಣ

ಆಣೆಯ ರಾಜಕಾರಣ ರಾಜ್ಯಮಟ್ಟಕ್ಕೂ ಏರಿದೆ. 2011ರ ಜೂನ್‌ನಲ್ಲಿ ಮುಖ್ಯಮಂತ್ರಿ ಬಿ. ಎಸ್. ಯಡಿಯೂರಪ್ಪ ಅವರು ತಮ್ಮ ಮೇಲೆ ಆರೋಪ ಮಾಡುತ್ತಿದ್ದ ಎಚ್. ಡಿ. ಕುಮಾರಸ್ವಾಮಿ ಅವರಿಗೆ ಧರ್ಮಸ್ಥಳದ ಮಂಜುನಾಥನ ಮುಂದೆ ಪ್ರಮಾಣ ಮಾಡುವಂತೆ ಪತ್ರಿಕಾ ಜಾಹೀರಾತಿನ ಮೂಲಕ ಸವಾಲು ಹಾಕಿದರು. ಹರದನಹಳ್ಳಿಯಲ್ಲಿ ಹುಟ್ಟಿದ ಕುಮಾರಸ್ವಾಮಿ ಸವಾಲು ಒಪ್ಪಿಕೊಂಡರು. ಜೂನ್ 27ರಂದು ಇಬ್ಬರೂ ಧರ್ಮಸ್ಥಳಕ್ಕೆ ಹೋದರು, ದೇವರ ದರ್ಶನ ಮಾಡಿದರು, ಆಣೆ ಮಾತ್ರ ಇಡಲಿಲ್ಲ. ಅದಾದ ಒಂದು ತಿಂಗಳಿಗೆ ಯಡಿಯೂರಪ್ಪ ರಾಜೀನಾಮೆ ಕೊಡಬೇಕಾಯಿತು. ಕಾರಣವಾದದ್ದು ಅಕ್ರಮ ಗಣಿಗಾರಿಕೆ ಕುರಿತ ಲೋಕಾಯುಕ್ತ ವರದಿ. ದಾಖಲೆ, ಸಾಕ್ಷಿ, ಸಹಿಗಳ ಕೆಲಸವನ್ನು ದೇವರ ಮೇಲೆ ಹೊರಿಸಬಾರದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪ್ರಸಂಗ ಬೇಕಿಲ್ಲ.

ಅಧಿಕಾರದ ಪ್ರಮಾಣವಚನಕ್ಕೆ ಸಂವಿಧಾನದ ಮೂರನೇ ಅನುಸೂಚಿ ಎರಡು ದಾರಿ ಕೊಟ್ಟಿದೆ: ದೇವರ ಹೆಸರಿನಲ್ಲಿ, ಇಲ್ಲವೇ ಸತ್ಯನಿಷ್ಠೆಯಿಂದ. ಕರ್ನಾಟಕದ ಶಾಸಕರು ಮೂರನೆಯದೊಂದನ್ನು ರೂಢಿಗೆ ತಂದಿದ್ದಾರೆ. ಮನೆದೇವರು, ಗುರು, ತಂದೆತಾಯಿ, ಕ್ಷೇತ್ರದ ಜನ, ಅಂಬೇಡ್ಕರ್, ಬಸವಣ್ಣ, ರೈತರು ಎಲ್ಲರ ಹೆಸರೂ ಕೇಳಿಬರುತ್ತದೆ. 2023ರ ಮೇ 20ರಂದು ಡಿ. ಕೆ. ಶಿವಕುಮಾರ್ ತಮ್ಮ ಗುರು ಗಂಗಾಧರ ಅಜ್ಜನ ಹೆಸರಿನಲ್ಲಿ ಪ್ರಮಾಣ ಸ್ವೀಕರಿಸಿದರು.

ನಾಯಕರ ಸ್ವಂತ ನಂಬಿಕೆ ಸದನದ ಚರ್ಚೆಗೂ ಬಂದದ್ದುಂಟು. ಹೊಳೆನರಸೀಪುರದ ಶಾಸಕ ಎಚ್. ಡಿ. ರೇವಣ್ಣ ಕೈಯಲ್ಲಿ ನಿಂಬೆಹಣ್ಣು ಹಿಡಿದು ಓಡಾಡುವುದನ್ನು ವಿರೋಧಿಗಳು ಮಾಟಮಂತ್ರ ಎಂದು ಆಡಿಕೊಂಡಾಗ, 2019ರ ಜುಲೈನಲ್ಲಿ ವಿಶ್ವಾಸಮತದ ಚರ್ಚೆಯ ವೇಳೆ ಮುಖ್ಯಮಂತ್ರಿ ಕುಮಾರಸ್ವಾಮಿ ಅಣ್ಣನ ಪರ ನಿಂತರು. ಅದು ದೇವಸ್ಥಾನಕ್ಕೆ ಹೋಗುವವನ ಭಕ್ತಿ, ಹಿಂದೂ ಸಂಸ್ಕೃತಿಯ ಮಾತಾಡುವವರೇ ಅದನ್ನು ಹಳಿಯಬಾರದು ಎಂಬುದು ಅವರ ವಾದದ ಸಾರ. ಈ ವಿಷಯದಲ್ಲಿ ನ್ಯಾಯ ಅವರ ಕಡೆಗಿತ್ತು. ಒಬ್ಬ ಮಂತ್ರಿಯ ಕೈಯಲ್ಲಿರುವ ನಿಂಬೆಹಣ್ಣು ಅವನ ಖಾಸಗಿ ವಿಷಯ. ಕೇಳಬೇಕಾದ್ದು ಕಡತದ ಮೇಲೆ ಅವನು ಏನು ಬರೆದ ಎಂಬುದನ್ನು.

ಖಾಸಗಿ ನಂಬಿಕೆಯನ್ನು ಎಲ್ಲಿಯವರೆಗೆ ಬಿಡಬೇಕೆಂಬ ಹೊಯ್ದಾಟ ಕರ್ನಾಟಕದ ಮೌಢ್ಯ ನಿಷೇಧ ಕಾಯ್ದೆಯಲ್ಲೂ ಕಾಣುತ್ತದೆ. 2017ರಲ್ಲಿ ಅಂಗೀಕಾರವಾಗಿ 2020ರ ಜನವರಿಯಲ್ಲಿ ಜಾರಿಗೆ ಬಂದ ಈ ಕಾಯ್ದೆ ಎಂಜಲೆಲೆಯ ಮೇಲೆ ಉರುಳುವ ಮಡೆಸ್ನಾನವನ್ನು ನಿಷೇಧಿಸಿತು. ಜ್ಯೋತಿಷ, ವಾಸ್ತುಗಳನ್ನು ಮುಟ್ಟಲಿಲ್ಲ.

ಹರದನಹಳ್ಳಿಯಿಂದ ದೆಹಲಿಗೆ

ಎಚ್. ಡಿ. ದೇವೇಗೌಡರು ಹುಟ್ಟಿದ್ದು 1933ರ ಮೇ 18ರಂದು, ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯಲ್ಲಿ. 1962ರಲ್ಲಿ ಪಕ್ಷೇತರರಾಗಿ ಹೊಳೆನರಸೀಪುರದಿಂದ ಗೆದ್ದು ವಿಧಾನಸಭೆಗೆ ಬಂದರು. 1994ರ ಡಿಸೆಂಬರ್‌ನಲ್ಲಿ ಮುಖ್ಯಮಂತ್ರಿ, 1996ರ ಜೂನ್ 1ರಂದು ಪ್ರಧಾನಿ. ವೈಯಕ್ತಿಕವಾಗಿ ಅವರಷ್ಟು ಆಸ್ತಿಕರು, ಅವರಷ್ಟು ದೇವಸ್ಥಾನ ಸುತ್ತುವವರು ಕರ್ನಾಟಕದ ರಾಜಕಾರಣದಲ್ಲಿ ಕಡಿಮೆ. ಹಾಗಿದ್ದೂ 1999ರಲ್ಲಿ ಅವರು ಕಟ್ಟಿದ ಪಕ್ಷವಾದ ಜೆಡಿಎಸ್‌ನ ಹೆಸರಿನಲ್ಲೇ ಜಾತ್ಯತೀತ ಎಂಬ ಪದವಿದೆ. ಅವರ ಒಂದು ತೀರ್ಮಾನ ಈ ಎರಡೂ ಮುಖಗಳನ್ನು ಅರ್ಥ ಮಾಡಿಸುತ್ತದೆ.

ಮುಸ್ಲಿಮರನ್ನು ಹಿಂದುಳಿದವರೆಂದು ಗುರುತಿಸುವ ಕೆಲಸ ಎಲ್. ಜಿ. ಹಾವನೂರು ಆಯೋಗದ 1975ರ ವರದಿಯ ನಂತರ, ದೇವರಾಜ ಅರಸು ಸರ್ಕಾರದ 1977ರ ಆದೇಶದಿಂದಲೇ ಶುರುವಾಗಿತ್ತು. 1990ರಲ್ಲಿ ಚಿನ್ನಪ್ಪ ರೆಡ್ಡಿ ಆಯೋಗ ಮತ್ತೆ ಅದನ್ನೇ ಎತ್ತಿಹಿಡಿಯಿತು. ವೀರಪ್ಪ ಮೊಯಿಲಿ ಸರ್ಕಾರ 1994ರಲ್ಲಿ ಪ್ರತ್ಯೇಕ ಪ್ರವರ್ಗ ಮಾಡಿತಾದರೂ ಅದು ಜಾರಿಯಾಗುವ ಮುನ್ನ ಸರ್ಕಾರವೇ ಹೋಯಿತು. 1995ರಲ್ಲಿ ದೇವೇಗೌಡರ ಸರ್ಕಾರ ಪ್ರವರ್ಗ 2ಬಿ ಅಡಿ ಮುಸ್ಲಿಮರಿಗೆ ಶೇ 4 ಮೀಸಲಾತಿಯನ್ನು ಜಾರಿಗೆ ತಂದಿತು. ಇದಕ್ಕೆ ಆಧಾರ ಧರ್ಮವಲ್ಲ, ಸಾಮಾಜಿಕ ಮತ್ತು ಶೈಕ್ಷಣಿಕ ಹಿಂದುಳಿದಿರುವಿಕೆ ಎಂಬುದು ಸರ್ಕಾರದ ನಿಲುವಾಗಿತ್ತು. ಧರ್ಮವೇ ಆಧಾರ ಎಂಬುದು ಟೀಕಾಕಾರರ ಮಾತು. ತನ್ನ ದೇವರಿಗೆ ನಿತ್ಯ ನಡೆದುಕೊಳ್ಳುವ ಒಬ್ಬ ಹಳ್ಳಿಯ ಒಕ್ಕಲಿಗ, ಬೇರೆ ಧರ್ಮದವರ ಮಕ್ಕಳಿಗೆ ಕಾಲೇಜು ಸೀಟಿನ ಬಾಗಿಲು ತೆರೆದ ಎಂಬುದನ್ನು ಹಾಸನದ ಹಳೆಯ ಮುಸ್ಲಿಂ ಮನೆಗಳು ದಶಕಗಳ ಕಾಲ ನೆನಪಿಟ್ಟುಕೊಂಡವು.

ಆ ನೆನಪು ಸಡಿಲವಾಗಿದ್ದು 2023ರಲ್ಲಿ. ಸೆಪ್ಟೆಂಬರ್‌ನಲ್ಲಿ ಜೆಡಿಎಸ್ ಬಿಜೆಪಿಯ ಜೊತೆ ಸೇರಿತು. ಇದನ್ನು ಒಪ್ಪದ ಪಕ್ಷದ ರಾಜ್ಯ ಅಧ್ಯಕ್ಷ ಸಿ. ಎಂ. ಇಬ್ರಾಹಿಂ ಅವರನ್ನು ಅಕ್ಟೋಬರ್‌ನಲ್ಲಿ ತೆಗೆದುಹಾಕಲಾಯಿತು. 2024ರ ಜನವರಿ 22ರಂದು ಅಯೋಧ್ಯೆಯ ಪ್ರಾಣಪ್ರತಿಷ್ಠೆಗೆ ದೇವೇಗೌಡರು ಹೋಗಿಬಂದರು. ಭಕ್ತನಾಗಿ ಅವರು ಹೋದದ್ದರಲ್ಲಿ ಅಚ್ಚರಿಯಿಲ್ಲ. ಪಕ್ಷದ ಹೆಸರಿನ ಪದಕ್ಕೆ ಇನ್ನು ಏನರ್ಥ ಎಂಬ ಪ್ರಶ್ನೆ ಮಾತ್ರ ಅವರ ಜಿಲ್ಲೆಯಲ್ಲೇ ಎದ್ದಿತು.

ಮತಯಂತ್ರ ಹೇಳಿದ್ದು

ಧರ್ಮವನ್ನು ಮುಂದಿಟ್ಟ ನೀತಿಗೆ ಮತದಾರ ಹೇಗೆ ಉತ್ತರ ಕೊಡುತ್ತಾನೆ ಎಂಬುದಕ್ಕೆ ಈ ಜಿಲ್ಲೆಯಲ್ಲಿ ಸಿಗುವ ನೇರವಾದ ಪ್ರಸಂಗ 2023ರದು. ಆ ವರ್ಷದ ಮಾರ್ಚ್‌ನಲ್ಲಿ, ಚುನಾವಣೆ ಹೊಸ್ತಿಲಲ್ಲಿದ್ದಾಗ, ಬಸವರಾಜ ಬೊಮ್ಮಾಯಿ ಸರ್ಕಾರ ಮುಸ್ಲಿಮರ ಶೇ 4 ಮೀಸಲಾತಿಯನ್ನು ತೆಗೆದು, ಒಕ್ಕಲಿಗರಿಗೆ ಶೇ 2, ಲಿಂಗಾಯತರಿಗೆ ಶೇ 2 ಎಂದು ಹಂಚಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ ಆದೇಶ ಜಾರಿಗೆ ಬರಲಿಲ್ಲ. ಒಕ್ಕಲಿಗರೇ ಹೆಚ್ಚಿರುವ ಹಾಸನದಲ್ಲಿ ಇದು ಬಿಜೆಪಿಗೆ ಫಲ ಕೊಡಬೇಕಿತ್ತು ಎಂದು ಲೆಕ್ಕ ಹಾಕಿದವರಿದ್ದರು. ಮೇ 10ರ ಮತದಾನದಲ್ಲಿ ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣವನ್ನೊಳಗೊಂಡ ಶ್ರವಣಬೆಳಗೊಳ, ಈ ನಾಲ್ಕೂ ಕ್ಷೇತ್ರಗಳು ಜೆಡಿಎಸ್ ಪಾಲಾದವು. 2018ರಲ್ಲಿ ಗೆದ್ದಿದ್ದ ಹಾಸನವನ್ನೂ ಬಿಜೆಪಿ ಕಳೆದುಕೊಂಡಿತು. ಜಿಲ್ಲೆಯಲ್ಲಿ ಅದಕ್ಕೆ ದಕ್ಕಿದ್ದು ಬೇಲೂರು ಮತ್ತು ಸಕಲೇಶಪುರ.

ಒಂದು ಫಲಿತಾಂಶಕ್ಕೆ ಒಂದೇ ಕಾರಣ ಇರುವುದಿಲ್ಲ. ಅಭ್ಯರ್ಥಿ, ಮನೆತನ, ಆಲೂಗಡ್ಡೆ ಮತ್ತು ತೆಂಗಿನ ಬೆಲೆ, ಹೇಮಾವತಿ ನಾಲೆಯ ನೀರು ಎಲ್ಲವೂ ಸೇರುತ್ತವೆ. ಆದರೂ ನೆರೆಯವನ ತಟ್ಟೆಯಿಂದ ತೆಗೆದು ತಮ್ಮ ತಟ್ಟೆಗೆ ಹಾಕಿದ ತುತ್ತಿಗಾಗಿ ಈ ನಾಲ್ಕು ತಾಲ್ಲೂಕಿನ ಒಕ್ಕಲಿಗರು ಸಾಲುಸಾಲಾಗಿ ನಿಲ್ಲಲಿಲ್ಲ ಎಂಬಷ್ಟನ್ನು ಧೈರ್ಯವಾಗಿ ಹೇಳಬಹುದು.

2024ರ ಲೋಕಸಭಾ ಚುನಾವಣೆಯಲ್ಲಿ ದಿಕ್ಕು ಬೇರೆಯಾಯಿತು. ಏಪ್ರಿಲ್ 26ರಂದು ಮತದಾನ ನಡೆದ ಹಾಸನ ಕ್ಷೇತ್ರದಲ್ಲಿ ಕಾಂಗ್ರೆಸ್ಸಿನ ಶ್ರೇಯಸ್ ಪಟೇಲ್ 42,649 ಮತಗಳ ಅಂತರದಿಂದ ಗೆದ್ದರು. 1999ರಲ್ಲಿ ದೇವೇಗೌಡರನ್ನು ಸೋಲಿಸಿದ್ದ ಜಿ. ಪುಟ್ಟಸ್ವಾಮಿಗೌಡರ ಮೊಮ್ಮಗ ಅವರು. ಹಿಂದಿನ ವರ್ಷವಷ್ಟೇ ಹೊಳೆನರಸೀಪುರದಲ್ಲಿ ರೇವಣ್ಣ ಅವರ ಎದುರು ಮೂರು ಸಾವಿರ ಚಿಲ್ಲರೆ ಮತಗಳಿಂದ ಸೋತಿದ್ದರು. ಇಲ್ಲಿ ದೇವೇಗೌಡ ಮತ್ತು ಪುಟ್ಟಸ್ವಾಮಿಗೌಡ ಮನೆತನಗಳ ಹಳೆಯ ಜಿದ್ದೇ ಮುಂದಿತ್ತು.

ಮೀಸಲಾತಿಯ ವಿಷಯದಲ್ಲಿ ಬಿಜೆಪಿಗಾದಂಥದ್ದೇ ಪಾಠ ಅದಕ್ಕೂ ಹಿಂದೆ ರಾಜ್ಯಮಟ್ಟದಲ್ಲಿ ಕಾಂಗ್ರೆಸ್ಸಿಗೂ ಆಗಿತ್ತು. 2018ರ ಮಾರ್ಚ್‌ನಲ್ಲಿ ನಾಗಮೋಹನ ದಾಸ್ ಸಮಿತಿಯ ವರದಿ ಒಪ್ಪಿ, ಲಿಂಗಾಯತಕ್ಕೆ ಪ್ರತ್ಯೇಕ ಧರ್ಮದ ಮಾನ್ಯತೆ ಕೊಡಬೇಕೆಂದು ಸಿದ್ದರಾಮಯ್ಯ ಸರ್ಕಾರ ಕೇಂದ್ರಕ್ಕೆ ಶಿಫಾರಸು ಮಾಡಿತು. ಎರಡು ತಿಂಗಳ ಬಳಿಕ ನಡೆದ ಚುನಾವಣೆಯಲ್ಲಿ ಕಾಂಗ್ರೆಸ್ 122ರಿಂದ 80 ಸ್ಥಾನಕ್ಕೆ ಇಳಿಯಿತು. ಬಸವಧರ್ಮದ ಅಸ್ಮಿತೆಯ ಪ್ರಶ್ನೆ ತನ್ನಷ್ಟಕ್ಕೆ ಗಂಭೀರವಾದದ್ದು. ಚುನಾವಣೆಯ ಕ್ಯಾಲೆಂಡರಿಗೆ ಅದನ್ನು ಕಟ್ಟಿದ್ದರಿಂದ ಆ ಪ್ರಶ್ನೆಗೇ ನಷ್ಟವಾಯಿತು.

ಮಠಗಳು

ಒಕ್ಕಲಿಗರಿಗೆ ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿ ಮಠ, ಲಿಂಗಾಯತರಿಗೆ ಹಾಸನದ ತಣ್ಣೀರುಹಳ್ಳ ಮಠವೂ ಸೇರಿ ಹಲವು ಮಠಗಳು ಹತ್ತಿರದವು. ಸ್ವಾಮೀಜಿಗಳು ಇಂಥವರಿಗೆ ವೋಟು ಹಾಕಿ ಎಂದು ಬಾಯಿಬಿಟ್ಟು ಹೇಳುವುದು ಅಪರೂಪ. ವೇದಿಕೆಯ ಮೇಲೆ ಯಾರಿಗೆ ಯಾವ ಕುರ್ಚಿ, ಯಾರ ಹೆಗಲಿಗೆ ಶಾಲು ಎಂಬುದನ್ನು ಜನ ಓದಿಕೊಳ್ಳುತ್ತಾರೆ. ಅರಸೀಕೆರೆ ತಾಲ್ಲೂಕಿನ ಹಾರನಹಳ್ಳಿಯ ಕೋಡಿಮಠದ ಶ್ರೀಗಳು ನುಡಿಯುವ ರಾಜಕೀಯ ಭವಿಷ್ಯವಂತೂ ಪ್ರತಿ ಯುಗಾದಿಗೂ ಚುನಾವಣೆಗೂ ಪತ್ರಿಕೆ, ಟಿವಿಗಳಲ್ಲಿ ಸುದ್ದಿ. ಇದೇ ಸೀಮೆಯಲ್ಲಿ ರಾಜಕಾರಣದಿಂದ ದೂರ ಉಳಿದ ಧಾರ್ಮಿಕ ಸಂಸ್ಥೆಯೂ ಇದೆ. ಸಚ್ಚಿದಾನಂದೇಂದ್ರ ಸರಸ್ವತಿ ಸ್ವಾಮಿಗಳು ಸ್ಥಾಪಿಸಿದ ಹೊಳೆನರಸೀಪುರದ ಅಧ್ಯಾತ್ಮ ಪ್ರಕಾಶ ಕಾರ್ಯಾಲಯ ಶಾಂಕರ ವೇದಾಂತದ ಅಧ್ಯಯನ, ಪ್ರಕಟಣೆಗಳಿಗೇ ತನ್ನನ್ನು ಕೊಟ್ಟುಕೊಂಡಿತು.

ಗುಡಿಯ ಹೊಸ್ತಿಲು

ಕೆಲವರ ನಂಬಿಕೆ ಇನ್ನು ಕೆಲವರ ಹಕ್ಕಿಗೆ ಎದುರಾದಾಗ ಸರ್ಕಾರ ಏನು ಮಾಡಬೇಕು? ಮೈಸೂರು ಸಂಸ್ಥಾನ 1948ರಲ್ಲೇ ದೇವಾಲಯ ಪ್ರವೇಶಕ್ಕೆ ಕಾನೂನು ಮಾಡಿತ್ತು. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ನಿಷೇಧಿಸಿತು. ಹಿಂದೂ ದೇವಾಲಯಗಳನ್ನು ಎಲ್ಲ ವರ್ಗಗಳಿಗೆ ತೆರೆಯಲು 25(2)(ಬಿ) ವಿಧಿ ಸರ್ಕಾರಕ್ಕೆ ಅಧಿಕಾರ ಕೊಟ್ಟಿತು. ಇಷ್ಟೆಲ್ಲ ಆಗಿ ಅರವತ್ತು ವರ್ಷಗಳ ಮೇಲೆ, 2015ರಲ್ಲಿ, ಹೊಳೆನರಸೀಪುರ ತಾಲ್ಲೂಕಿನ ಸಿಗರನಹಳ್ಳಿಯಲ್ಲಿ ಬಸವೇಶ್ವರ ದೇವಸ್ಥಾನದೊಳಗೆ ಹೋದ ದಲಿತ ಹೆಣ್ಣುಮಕ್ಕಳಿಗೆ ಊರಿನವರು ದಂಡ ಹಾಕಿದರು.

ಆ ಹೆಣ್ಣುಮಕ್ಕಳು ಊರಿಗೆ ಹೊಸಬರಲ್ಲ. ಅದೇ ಊರಿನ ಸ್ವಸಹಾಯ ಸಂಘದ ಸದಸ್ಯೆಯರು. ಬಸವೇಶ್ವರನ ಹೆಸರಿನ ಗುಡಿಯಲ್ಲೇ ಹೀಗಾದದ್ದು ಕನ್ನಡಿಗರೆಲ್ಲ ತಲೆತಗ್ಗಿಸುವ ಸಂಗತಿ. ಪ್ರಕರಣ ದೊಡ್ಡದಾಯಿತು, ಮುಂದಿನ ವರ್ಷದವರೆಗೂ ನಡೆದ ಶಾಂತಿಸಭೆಗಳು ಒಂದರ ಮೇಲೊಂದು ಮುರಿದುಬಿದ್ದವು. ಕೊನೆಗೆ ದಲಿತರು ಒಳಗೆ ಹೋಗುವಾಗ ಜೊತೆಗೆ ಪೊಲೀಸರು ಇರಬೇಕಾಯಿತು. ಸವರ್ಣೀಯರು ಹೇಳಿದ್ದೂ ನಂಬಿಕೆಯ ಮಾತನ್ನೇ: ಹಿಂದಿನಿಂದ ಬಂದ ಸಂಪ್ರದಾಯ, ದೇವರಿಗೆ ಮೈಲಿಗೆ. ಆದರೆ ಒಳಗೆ ಹೋದ ಹೆಣ್ಣುಮಕ್ಕಳದ್ದೂ ನಂಬಿಕೆಯೇ ಅಲ್ಲವೇ? ಅವರು ಕೇಳಿದ್ದು ತಮ್ಮೂರಿನ ದೇವರ ಮುಂದೆ ಕೈಮುಗಿಯುವ ಅವಕಾಶವನ್ನು. ಧಾರ್ಮಿಕ ಮೌಲ್ಯ ಎಂದಾಗ ಗಟ್ಟಿ ದನಿಯವರದ್ದನ್ನೇ ಲೆಕ್ಕಕ್ಕೆ ಹಿಡಿಯುವ ಚಾಳಿ ನಮ್ಮಲ್ಲಿದೆ. ಎಲ್ಲ ಪಕ್ಷಗಳಿಗೂ ಆ ಊರಿನಲ್ಲಿ ವೋಟು ಬೇಕಿತ್ತು. ಕಾನೂನು ಸ್ಪಷ್ಟವಾಗಿದ್ದರೂ ಜಾರಿಗೆ ಅಷ್ಟು ತಿಂಗಳು ಹಿಡಿದದ್ದು ಅದಕ್ಕೇ.

ಬೇಲೂರಿನಲ್ಲಿ ಮತ್ತೊಂದು ಬಗೆಯ ಪರೀಕ್ಷೆ ನಡೆಯಿತು. ಚೆನ್ನಕೇಶವನ ರಥೋತ್ಸವದಲ್ಲಿ ತೇರು ಎಳೆಯುವ ಮುನ್ನ ಖಾಜಿ ಕುರಾನ್ ಪಠಿಸುವ ವಾಡಿಕೆ ಹಿಂದಿನಿಂದ ನಡೆದುಬಂದಿತ್ತು. 2022ರಲ್ಲಿ ಹಿಜಾಬ್ ವಿವಾದದ ಬೆನ್ನಿಗೇ ಜಾತ್ರೆಗಳಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಅವಕಾಶ ಕೊಡಬಾರದೆಂಬ ಕೂಗು ರಾಜ್ಯದ ಹಲವೆಡೆ ಎದ್ದಿತು. ಬೇಲೂರಿನ ಪಠಣದ ಬಗ್ಗೆಯೂ ಪ್ರಶ್ನೆ ಎದ್ದಾಗ, ದೇವಸ್ಥಾನದ ಹಳೆಯ ಕೈಪಿಡಿಯನ್ನು ನೋಡಿ ಮುಜರಾಯಿ ಇಲಾಖೆ ವಾಡಿಕೆಯನ್ನು ಮುಂದುವರಿಸಲು ಹೇಳಿತು. ಆ ಏಪ್ರಿಲ್‌ನಲ್ಲಿ ಪಠಣವೂ ಆಯಿತು, ತೇರೂ ಹರಿಯಿತು.

ಮೊಟ್ಟೆ, ಬಾಳೆಹಣ್ಣು

ನಂಬಿಕೆ ಮತ್ತು ನೀತಿ ಪ್ರತಿದಿನ ಮುಖಾಮುಖಿಯಾಗುವ ಜಾಗ ಶಾಲೆಯ ಅಡುಗೆಮನೆ. ಸರ್ಕಾರಿ ಶಾಲೆಗಳ ಬಿಸಿಯೂಟದಲ್ಲಿ ಮೊಟ್ಟೆ ಕೊಡಲು 2021ರ ಡಿಸೆಂಬರ್‌ನಲ್ಲಿ ಉತ್ತರದ ಕೆಲವು ಜಿಲ್ಲೆಗಳಲ್ಲಿ ಶುರುಮಾಡಿದಾಗ ಲಿಂಗಾಯತ ಮತ್ತು ಜೈನ ಮುಖಂಡರಿಂದ ವಿರೋಧ ಬಂತು. ಅಪೌಷ್ಟಿಕತೆಯ ಲೆಕ್ಕ ಸರ್ಕಾರದ ಮುಂದಿತ್ತು, ಅಹಿಂಸೆಯ ಮಾತು ಮಠಗಳದ್ದಾಗಿತ್ತು. 2022-23ರಲ್ಲಿ ಯೋಜನೆ ಎಲ್ಲ ಜಿಲ್ಲೆಗಳಿಗೂ ಬಂತು, ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು ಅಥವಾ ಚಿಕ್ಕಿ ಎಂಬ ಆಯ್ಕೆಯ ಜೊತೆಗೆ. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಿಂದ ಅದು ವಾರಕ್ಕೆ ಆರು ದಿನವಾಯಿತು.

ಬೆಳಗೊಳದ ಬೆಟ್ಟ ಕಾಣುವ ಹಳ್ಳಿಯ ಶಾಲೆಯಾದರೂ ಕ್ರಮ ಒಂದೇ. ಯಾವ ಮಗುವಿಗೆ ಮೊಟ್ಟೆ, ಯಾವ ಮಗುವಿಗೆ ಹಣ್ಣು ಎಂದು ಮನೆಯವರಿಂದ ತಿಳಿದುಕೊಂಡು ಬರೆದಿಟ್ಟಿರುತ್ತಾರೆ. ಅಡುಗೆಯವರು ಒಂದು ಪಾತ್ರೆಯಲ್ಲಿ ಬೇಯಿಸಿ ಸುಲಿದ ಮೊಟ್ಟೆ, ಇನ್ನೊಂದು ಪುಟ್ಟಿಯಲ್ಲಿ ಬಾಳೆಹಣ್ಣು ಇಟ್ಟುಕೊಂಡು ಸಾಲಿನುದ್ದಕ್ಕೂ ಬರುತ್ತಾರೆ. ಒಂದೇ ಪಂಕ್ತಿಯಲ್ಲಿ ಕೂತ ಮಕ್ಕಳಲ್ಲಿ ಒಬ್ಬಳ ತಟ್ಟೆಗೆ ಇದು, ಪಕ್ಕದವನ ತಟ್ಟೆಗೆ ಅದು ಬೀಳುತ್ತದೆ. ಒಬ್ಬರ ಮಡಿಗಾಗಿ ಇನ್ನೊಬ್ಬರ ಹಸಿವನ್ನು ಮುಂದೂಡದೆ, ಯಾರನ್ನೂ ಬೇರೆ ಸಾಲಿನಲ್ಲಿ ಕೂರಿಸದೆ ಆಗುವ ಈ ಊಟ, ಇತ್ತೀಚಿನ ವರ್ಷಗಳಲ್ಲಿ ರಾಜ್ಯ ಮಾಡಿದ ಒಳ್ಳೆಯ ಇತ್ಯರ್ಥಗಳಲ್ಲೊಂದು.

ಸರ್ಕಾರದ ಕೈಯಲ್ಲಿ ದೇವಸ್ಥಾನ

ಫ್ರಾನ್ಸ್ 1905ರ ಕಾನೂನಿನಿಂದ ಸರ್ಕಾರವನ್ನು ಚರ್ಚಿನಿಂದ ಬೇರ್ಪಡಿಸಿತು. ಕರ್ನಾಟಕದಲ್ಲಿ ಸರ್ಕಾರವೇ ಹುಂಡಿಯ ಬೀಗ ತೆಗೆಯುತ್ತದೆ. 1997ರ ಹಿಂದೂ ಧಾರ್ಮಿಕ ಸಂಸ್ಥೆಗಳು ಮತ್ತು ಧರ್ಮಾದಾಯ ದತ್ತಿಗಳ ಕಾಯ್ದೆ 2003ರಲ್ಲಿ ಜಾರಿಗೆ ಬಂತು. ಸುಮಾರು 34 ಸಾವಿರ ದೇವಸ್ಥಾನಗಳು ಅದರ ಕೆಳಗಿವೆ. ವರ್ಷಕ್ಕೆ 25 ಲಕ್ಷ ರೂಪಾಯಿಗಿಂತ ಹೆಚ್ಚು ಆದಾಯದವು ‘ಎ’ ವರ್ಗ, 5ರಿಂದ 25 ಲಕ್ಷದವು ‘ಬಿ’, ಉಳಿದ ಬಹುಪಾಲು ‘ಸಿ’. ದೊಡ್ಡ ದೇವಸ್ಥಾನದ ಆದಾಯದಲ್ಲಿ ಒಂದು ಪಾಲು ಸಾಮಾನ್ಯ ನಿಧಿಗೆ ಹೋಗಿ ಚಿಕ್ಕ ಗುಡಿಗಳಿಗೆ ಬರಬೇಕೆಂಬುದು ಇದರ ಏರ್ಪಾಡು. 2024ರ ಫೆಬ್ರುವರಿಯಲ್ಲಿ ಒಂದು ಕೋಟಿ ಮೀರಿದ ಆದಾಯಕ್ಕೆ ಶೇ 10 ಎಂಬ ತಿದ್ದುಪಡಿ ಬಂದಾಗ ವಿಧಾನ ಪರಿಷತ್ತು ಅದನ್ನು ತಿರಸ್ಕರಿಸಿತು, ವಿಧಾನಸಭೆ ಮತ್ತೆ ಅಂಗೀಕರಿಸಿತು. ದೇವರ ದುಡ್ಡು ಬೇರೆಡೆಗೆ ಹೋಗುತ್ತದೆ ಎಂಬ ಕೂಗಿನ ನಡುವೆ, ಆ ನಿಧಿಯಿಂದ ಎಣ್ಣೆಬತ್ತಿ ಕಾಣಬೇಕಾದ ಹಳ್ಳಿಗುಡಿಗಳ ಅರ್ಚಕರ ಮಾತು ಯಾರಿಗೂ ಕೇಳಿಸಲಿಲ್ಲ.

ಜೈನ ಕ್ಷೇತ್ರಕ್ಕೂ ಸರ್ಕಾರ ಖರ್ಚು ಮಾಡುತ್ತದೆ. 12 ವರ್ಷಕ್ಕೊಮ್ಮೆ ನಡೆಯುವ ಮಹಾಮಸ್ತಕಾಭಿಷೇಕಕ್ಕೆ ರಸ್ತೆ, ನೀರು, ತಾತ್ಕಾಲಿಕ ನಗರಗಳೆಲ್ಲ ಸರ್ಕಾರದ ಹೊಣೆ. 1981ರಲ್ಲಿ ಇಂದಿರಾ ಗಾಂಧಿ ಹೆಲಿಕಾಪ್ಟರಿನಿಂದ ಗೊಮ್ಮಟನಿಗೆ ಹೂಮಳೆ ಸುರಿದರು. 2018ರ ಫೆಬ್ರುವರಿಯಲ್ಲಿ ರಾಷ್ಟ್ರಪತಿ ರಾಮನಾಥ ಕೋವಿಂದ್ ಉದ್ಘಾಟಿಸಿದರು, ಪ್ರಧಾನಿ ನರೇಂದ್ರ ಮೋದಿ ಬಂದುಹೋದರು. ಇದಕ್ಕೆ ತದ್ವಿರುದ್ಧವಾದದ್ದು ಶೆಟ್ಟಿಹಳ್ಳಿಯ ಚರ್ಚು. ಫ್ರೆಂಚ್ ಮಿಷನರಿಗಳು 1860ರ ಸುಮಾರಿಗೆ ಕಟ್ಟಿದ ಆ ರೋಸರಿ ಚರ್ಚು ಗೊರೂರಿನ ಹೇಮಾವತಿ ಅಣೆಕಟ್ಟಿನ ಹಿನ್ನೀರಿಗೆ ಸಿಕ್ಕಿತು, ಸುತ್ತಲಿನ ಕ್ರೈಸ್ತ ಒಕ್ಕಲುಗಳು ಊರು ಬಿಟ್ಟವು. ಇಂದು ಅದನ್ನು ನೋಡಲು ಪ್ರವಾಸಿಗರು ಬರುತ್ತಾರೆ. ಅಲ್ಲಿ ಮದುವೆ, ನಾಮಕರಣ ಮಾಡಿಕೊಂಡಿದ್ದವರಿಗೆ ಅದು ನೋಟವಲ್ಲ.

ಹಾಸನಾಂಬೆಯ ಬಾಗಿಲು ತೆರೆಯುವುದು ಆಶ್ವಯುಜ ಹುಣ್ಣಿಮೆಯ ನಂತರದ ಮೊದಲ ಗುರುವಾರ. ಅರಸು ಮನೆತನದವರು ಬಾಳೆಕಂದು ಕಡಿದ ಮೇಲೆ, ಉಸ್ತುವಾರಿ ಸಚಿವರು, ಶಾಸಕರು, ಜಿಲ್ಲಾಧಿಕಾರಿ ನಿಂತಿರುವಾಗ ಬೀಗ ತೆಗೆಯುತ್ತಾರೆ. ಹಿಂದಿನ ವರ್ಷ ಹಚ್ಚಿಟ್ಟ ದೀಪ ಇನ್ನೂ ಉರಿಯುತ್ತಿರುತ್ತದೆ, ಹೂವು ಬಾಡಿರುವುದಿಲ್ಲ ಎಂಬುದು ಭಕ್ತರ ನಂಬಿಕೆ. 2023ರ ಜೂನ್ 11ರಂದು ಹೆಂಗಸರಿಗೆ ಉಚಿತ ಬಸ್ಸಿನ ‘ಶಕ್ತಿ’ ಯೋಜನೆ ಬಂದಮೇಲೆ ಇಲ್ಲಿನ ಸಾಲು ಉದ್ದವಾಯಿತು. ಯಾವ ಧರ್ಮವನ್ನೂ ಹೆಸರಿಸದ ಯೋಜನೆಯನ್ನು ಹೆಂಗಸರು ತಮ್ಮ ದೇವರ ಹತ್ತಿರ ಹೋಗಲು ಬಳಸಿಕೊಂಡರು. ಮನೆಯ ಗಂಡಸರನ್ನು ಬಸ್ ಚಾರ್ಜು ಕೇಳದೆ ಹಾಸನಾಂಬೆ ನೋಡಿಬಂದದ್ದು ಎಷ್ಟೋ ಜನರಿಗೆ ಅದೇ ಮೊದಲು.

ಬಲಿಪಾಡ್ಯಮಿ ಕಳೆದು ಬಾಗಿಲು ಹಾಕಿದ ಮೇಲೆ ಹುಂಡಿ ಎಣಿಕೆ. ಅಧಿಕಾರಿಗಳ ಎದುರು ನೋಟುಗಳನ್ನು ಮುಖಬೆಲೆಯಂತೆ ಜೋಡಿಸಿ, ನಾಣ್ಯಗಳನ್ನು ಗುಡ್ಡೆ ಹಾಕುತ್ತಾರೆ. ಪ್ರತಿ ವರ್ಷವೂ ನೋಟಿನ ನಡುವೆ ಚೀಟಿಗಳು ಸಿಗುತ್ತವೆ. ಮಗಳಿಗೆ ಮದುವೆಯಾಗಲಿ, ಮಗ ಪರೀಕ್ಷೆ ಪಾಸಾಗಲಿ, ಸಾಲ ತೀರಲಿ. ನಮ್ಮ ನಾಯಕರು ಗೆಲ್ಲಲಿ ಎಂದು ಬರೆದವೂ, ನಮ್ಮೂರಿನ ರಸ್ತೆ ಸರಿಯಾಗುವ ಹಾಗೆ ಮಾಡು ತಾಯಿ ಎಂಬ ಅರ್ಥದವೂ ಅವುಗಳಲ್ಲಿ ಇರುತ್ತವೆ. ಎಣಿಸುವವರು ಅವನ್ನು ಬಿಡಿಸಿ ಓದಿ, ಪಕ್ಕಕ್ಕಿಟ್ಟು, ಮತ್ತೆ ನೋಟಿನ ಕಡೆಗೆ ತಿರುಗುತ್ತಾರೆ.